ಗಿರಣಿಯ ಉಳಿಕೆ, ಚಾಳಿನ ಕೌದಿ

ಉಳಿದ ಉಣ್ಣೆಯ ಉಂಡೆಗಳನ್ನು ಕೂಡಿಸಿ ಕಾಲುಚೀಲ ಹೆಣೆಯುವುದು ಚಳಿನಾಡುಗಳ ರೂಢಿ. ಸ್ಕಾಟ್ಲೆಂಡಿನಿಂದ ಹಿಮಾಚಲದವರೆಗೆ ಕುರಿಯೂ ಚಳಿಯೂ ಜೊತೆಗಿರುವ ಕಡೆಯಲ್ಲೆಲ್ಲ ಅದು ಕಾಣಸಿಗುತ್ತದೆ. ಮುಂಬೈಗೆ ಹೇಳಿಕೊಳ್ಳುವಂಥ ಚಳಿಯಿಲ್ಲ, ಕುರಿಯಂತೂ ಇಲ್ಲ. ಆದರೆ ನೂಲಿಗೇನೂ ಕೊರತೆ ಇರಲಿಲ್ಲ. ಕಾವಸ್‌ಜಿ ನಾನಾಭಾಯಿ ದಾವರ್ 1854ರಲ್ಲಿ ಸ್ಥಾಪಿಸಿದ ಕಂಪನಿಯ ಗಿರಣಿ ತಾರದೇವದಲ್ಲಿ 1856ರಲ್ಲಿ ನೂಲು ತೆಗೆಯತೊಡಗಿತು. ಅಲ್ಲಿಂದ 1982ರ ಮಹಾಮುಷ್ಕರದವರೆಗೆ ಪರೇಲ್, ಲಾಲಬಾಗ್, ವರಳಿ, ಭಾಯಖಳಾದ ಕದಿರುಗಳು ತಿರುಗುತ್ತಲೇ ಇದ್ದವು. ನೂಲಿದ್ದಲ್ಲಿ ಉಳಿದ ನೂಲೂ ಇರಲೇಬೇಕು. ಹಾಗಾದರೆ ಅದು ಎಲ್ಲಿಗೆ ಹೋಯಿತು? ಗಿರಣಗಾಂವ ಎನಿಸಿಕೊಂಡ ಈ ಗಿರಣಿಪ್ರದೇಶದ ಚಾಳುಗಳಲ್ಲಿ, ಅಂದರೆ ಕೆಲಸಗಾರರ ಸಾಲುಮನೆಗಳಲ್ಲಿ, ಹೆಣೆದ ಕಾಲುಚೀಲ ಕಾಣದೆ, ಹೊಲಿದ ಕೌದಿಯೇ ಏಕೆ ಕಂಡಿತು? ಇದಕ್ಕೆ ಹವಾಮಾನದ ಉತ್ತರ ಕೈಗೆ ಬೇಗ ಸಿಗುತ್ತದೆ, ಅರ್ಧಕ್ಕೇ ನಿಲ್ಲುತ್ತದೆ. ಉಳಿಕೆಯಿಂದ ವಸ್ತು ಮಾಡುವ ಕಸುಬನ್ನು ನಾವು ಮನೆಯ ಹೆಣ್ಣುಮಕ್ಕಳ ಮಿತವ್ಯಯ ಎಂದು ಹೊಗಳಿ ಮುಗಿಸುತ್ತೇವೆ. ಆದರೆ ಯಾವ ಉಳಿಕೆ ಮನೆಗೆ ಬರಬೇಕು, ಯಾವುದು ಬರಬಾರದು, ಬಂದದ್ದಕ್ಕೆ ಯಾರು ಬೆಲೆ ತೆರಬೇಕು ಎಂಬುದು ಮನೆಯಲ್ಲಿ ತೀರ್ಮಾನವಾಗುವ ಸಂಗತಿಯಾಗಿರಲಿಲ್ಲ. ಅದನ್ನು ಗಿರಣಿಯ ಒಳಗೆ, ಪಗಾರದ ಪುಸ್ತಕದಲ್ಲಿ ತೀರ್ಮಾನಿಸಲಾಗುತ್ತಿತ್ತು. ಚಾಳಿನ ಕೌದಿಯ ಚರಿತ್ರೆಯನ್ನು ಕೂಲಿಯ ಚರಿತ್ರೆಯ ಒಂದು ಅಧ್ಯಾಯವಾಗಿ ಓದಬೇಕು ಎಂಬುದು ಈ ಬರಹದ ವಾದ.

ಮೊದಲು ನೂಲನ್ನೇ ಹತ್ತಿರದಿಂದ ನೋಡೋಣ. ಹತ್ತಿಯ ಗಿರಣಿಯಲ್ಲಿ ವ್ಯರ್ಥವಾಗುವ ಮಾಲು ಒಂದೇ ಬಗೆಯದಲ್ಲ. ಹಿಂಜುವ ಯಂತ್ರದ ಕೆಳಗೆ ಉದುರುವ ಸಿಪ್ಪೆ, ಬಾಚುವ ಯಂತ್ರಕ್ಕೆ ಅಂಟಿಕೊಂಡ ಗಿಡ್ಡ ಎಳೆ, ಹುರಿಗೊಳ್ಳುವ ಮುನ್ನ ತುಂಡಾದ ಬತ್ತಿ, ಇವೆಲ್ಲ ಮೃದು ಉಳಿಕೆ. ಇವುಗಳನ್ನು ಮತ್ತೆ ಹಿಂಜಿ ದಪ್ಪ ನೂಲಿಗೆ ಬೆರೆಸಬಹುದು, ಹಾಸಿಗೆ ತುಂಬುವವರಿಗೆ ಮಾರಬಹುದು. ಹುರಿಗೊಂಡು ನೂಲಾದ ಮೇಲೆ ಕಡಿದುಹೋದದ್ದು ಗಟ್ಟಿ ಉಳಿಕೆ. ಇದು ಹೆಚ್ಚಾಗಿ ಹುಟ್ಟುತ್ತಿದ್ದದ್ದು ಹೆಂಗಸರು ದುಡಿಯುತ್ತಿದ್ದ ವೈಂಡಿಂಗ್ ಮತ್ತು ರೀಲಿಂಗ್ ಖಾತೆಗಳಲ್ಲಿ. ಸಣ್ಣ ಬಾಬಿನ್ನಿನಿಂದ ದೊಡ್ಡ ಉರುಳೆಗೆ ನೂಲು ಸುತ್ತುವಾಗ ಎಳೆ ಕಡಿಯುತ್ತದೆ. ಕೆಲಸದವಳು ಎರಡು ತುದಿಗಳನ್ನು ಹುಡುಕಿ, ತೆಳುವಾದ ಇಲ್ಲವೇ ಗಂಟುಗಂಟಾದ ಭಾಗವನ್ನು ಕಿತ್ತು, ಬೆರಳ ತುದಿಯಲ್ಲೇ ಗಂಟು ಬಿಗಿದು ಮತ್ತೆ ಓಡಿಸಬೇಕು. ಕಿತ್ತ ಭಾಗ ಗೇಣುದ್ದವಿರಬಹುದು, ಮೊಳದುದ್ದವಿರಬಹುದು. ಅಂಥ ಸಾವಿರಾರು ತುಂಡುಗಳು ಸಂಜೆಗೆ ಸಿಕ್ಕುಸಿಕ್ಕಾದ ಮುದ್ದೆಯಾಗುತ್ತವೆ. ಕಾಲುಚೀಲ ಹೆಣೆಯಲು ಬೇಕಾದದ್ದು ಕಡಿಯದ ಉದ್ದನೆಯ ಎಳೆ, ಎಳೆದರೆ ಹಿಗ್ಗಿ ಬಿಟ್ಟರೆ ಕುಗ್ಗುವ ಗುಣ. ಗಿರಣಿಯ ಒಂಟಿ ಹತ್ತಿ ನೂಲಿಗೆ ಹಿಗ್ಗೂ ಇಲ್ಲ, ಕಡ್ಡಿಗೆ ಸಿಗುವಷ್ಟು ದಪ್ಪವೂ ಇಲ್ಲ. ಎಷ್ಟೋ ಎಳೆಗಳನ್ನು ಕೂಡಿಸಿ ಹುರಿಗೊಳಿಸಿದರೆ ಮಾತ್ರ ಅದು ಹೆಣಿಗೆಗೆ ಒದಗೀತು. ಇದಕ್ಕೂ ಮಿಗಿಲಾಗಿ, ಈ ಮುದ್ದೆಗೆ ನಗರದಲ್ಲೇ ಗಿರಾಕಿ ಕಾದಿರುತ್ತಿದ್ದ. ಪರೇಲಿನ ಗ್ರೇಟ್ ಇಂಡಿಯನ್ ಪೆನಿನ್ಸುಲಾ ರೈಲ್ವೆಯ ವರ್ಕ್‌ಶಾಪು, ಲೋವರ್ ಪರೇಲಿನ ಬಾಂಬೆ ಬರೋಡಾ ರೈಲ್ವೆಯ ವರ್ಕ್‌ಶಾಪು ಗಿರಣಿಗಳ ಮಗ್ಗುಲಲ್ಲೇ ಇದ್ದವು. ಎಂಜಿನ್ನಿನ ಎಣ್ಣೆ ಒರೆಸಲು ಹತ್ತಿ ವೇಸ್ಟಿಗಿಂತ ಒಳ್ಳೆಯ ಸಾಧನ ಇರಲಿಲ್ಲ. ಇಂದಿಗೂ ಯಾವುದೇ ಗ್ಯಾರೇಜಿನಲ್ಲಿ ಮೆಕ್ಯಾನಿಕ್ ಕೈ ಒರೆಸಿಕೊಳ್ಳುವ ಬಣ್ಣಬಣ್ಣದ ದಾರದ ಗೊಂಚಲು ಅದೇ ವಂಶದ್ದು. ಮುಂಬೈಯ ಉಳಿದ ನೂಲು ಹೀಗೆ ಮನೆಯ ಬುಟ್ಟಿಗೆ ಬರುವ ಮೊದಲೇ ಯಂತ್ರಗಳ ಪಾಲಾಯಿತು.

ಹಾಗೆಂದು ಹೆಣಿಗೆಯೇ ಮುಂಬೈಗೆ ಅಪರಿಚಿತವಾಗಿರಲಿಲ್ಲ. ಅಮೆರಿಕನ್ ಮಿಷನರಿಗಳು 1824ರಲ್ಲಿ ಇಲ್ಲಿ ಹೆಣ್ಣುಮಕ್ಕಳ ಶಾಲೆ ತೆರೆದರು. 1829ರಲ್ಲಿ ಬಂದ ಮಾರ್ಗರೆಟ್ ವಿಲ್ಸನ್ ಸ್ಕಾಟಿಷ್ ಮಿಷನ್ನಿನ ಶಾಲೆಗಳನ್ನು ಕಟ್ಟಿದರು. ಇಂಥ ಶಾಲೆಗಳಲ್ಲಿ ಓದು ಬರಹದ ಜೊತೆಗೆ ಸೂಜಿಕೆಲಸವೂ ಪಾಠವಾಗಿತ್ತು. ನಮ್ಮ ಕರಾವಳಿಯಲ್ಲಿ ಬಾಸೆಲ್ ಮಿಷನ್ನಿನವರು ನಡೆಸಿದ ಹೆಣ್ಣುಮಕ್ಕಳ ಶಾಲೆಗಳೂ ಇದೇ ದಾರಿ ಹಿಡಿದವು. ಮೊದಲನೆಯ ಮಹಾಯುದ್ಧದ ಕಾಲಕ್ಕೆ ಮೆಸೊಪೊಟೇಮಿಯಾದ ರಣರಂಗಕ್ಕೆ ಮುಂಬೈ ಹೆಬ್ಬಾಗಿಲಾಯಿತು. ಆಗತಾನೆ ಎದ್ದಿದ್ದ ಪ್ರಿನ್ಸ್ ಆಫ್ ವೇಲ್ಸ್ ಮ್ಯೂಸಿಯಮ್ಮಿನ ಕಟ್ಟಡವೂ ಸೈನಿಕರ ಆಸ್ಪತ್ರೆಯಾಯಿತು. ಗವರ್ನರರ ಪತ್ನಿ ಲೇಡಿ ವಿಲ್ಲಿಂಗ್ಡನ್ನರ ಮುಂದಾಳತ್ವದಲ್ಲಿ ಯುದ್ಧ ಪರಿಹಾರ ನಿಧಿಯ ಮಹಿಳಾ ಶಾಖೆ ಸೈನಿಕರಿಗಾಗಿ ಉಡುಪು ಹೊಲಿಸುವ ಕೆಲಸಕ್ಕೆ ನಿಂತಿತು. ಪಾರ್ಸಿಗಳಲ್ಲಿ 1903ರ ಸ್ತ್ರೀ ಜರಥೋಸ್ತಿ ಮಂಡಲ, 1928ರ ಸರ್ ರತನ್ ಟಾಟಾ ಇನ್‌ಸ್ಟಿಟ್ಯೂಟ್ ಬಡ ಹೆಂಗಸರಿಗೆ ಸೂಜಿದಾರದ ಮೂಲಕ ಸಂಪಾದನೆಯ ದಾರಿ ತೋರಿಸಿದವು. ಇದಕ್ಕಿಂತ ಹಳೆಯದು ಪಾರ್ಸಿಗಳು ಸೊಂಟಕ್ಕೆ ಕಟ್ಟಿಕೊಳ್ಳುವ ಕುಸ್ತಿಯ ನೇಯ್ಗೆ. ಅವರ ಧರ್ಮಗ್ರಂಥವಾದ ಯಸ್ನದ 72 ಅಧ್ಯಾಯಗಳ ನೆನಪಿಗೆ 72 ಎಳೆ ಕುರಿಮರಿಯ ಉಣ್ಣೆಯಿಂದ ಕೊಳವೆಯಂತೆ ನೇಯುವ ಆ ಪವಿತ್ರ ದಾರವನ್ನು ತಯಾರಿಸುವುದು ಹೆಚ್ಚಾಗಿ ಪುರೋಹಿತ ಮನೆತನಗಳ ಹೆಂಗಸರ ವೃತ್ತಿ. ಆದರೆ ಇವಾವುವೂ ಉಳಿಕೆಯ ಕಸುಬುಗಳಲ್ಲ. ಕುಸ್ತಿಗೆ ಶುದ್ಧವಾದ ಹೊಸ ಉಣ್ಣೆಯೇ ಆಗಬೇಕು. ಶಾಲೆಯಲ್ಲಿ, ಯುದ್ಧದಲ್ಲಿ, ಸೇವಾಸಂಸ್ಥೆಯಲ್ಲಿ ಬಳಸಿದ್ದು ಕೊಂಡುತಂದ ಮಾಲು. ಠಾಣೆಯ ಖಾಡಿಯ ಬಳಿ 1925ರಲ್ಲಿ ರೇಮಂಡ್ ಉಣ್ಣೆ ಗಿರಣಿ ಹುಟ್ಟಿದ ಮೇಲೂ ಉಣ್ಣೆ ಮುಂಬೈಯ ಬಡವರ ಮನೆಯ ನಿತ್ಯದ ವಸ್ತುವಾಗಲಿಲ್ಲ. ಉಣ್ಣೆ ಕೊಂಡವರ ಮನೆಯಲ್ಲೂ ಸ್ವೆಟರ್ ಮುಗಿದ ಮೇಲೆ ಉಳಿಯುತ್ತಿದ್ದದ್ದು ಬೊಗಸೆಯಷ್ಟು. ಅದರಲ್ಲಿ ಒಂದು ಕುಲಾವಿ, ಒಂದು ಜೊತೆ ಕೂಸಿನ ಕಾಲುಚೀಲ ಆದೀತು. ಕೂಸು ಹುಟ್ಟುವ ಮೊದಲೇ ಕುಲಾವಿ ಎಂಬ ಗಾದೆ ನಮ್ಮಲ್ಲಿದೆ ನಿಜ, ಆದರೆ ಕುಲಾವಿಯ ಬಲದ ಮೇಲೆ ಒಂದು ರೂಢಿ ನಿಲ್ಲುವುದಿಲ್ಲ.

ಉಳಿಕೆಯ ಕಸುಬಿಗೆ ಮೂಲವಸ್ತುವಿನ ಸ್ವಭಾವ ಹೇಗೆ ಆಕಾರ ಕೊಡುತ್ತದೆ ಎಂಬುದು ಇಲ್ಲಿ ಸ್ಪಷ್ಟವಾಗುತ್ತದೆ. ಹೆಣೆದ ಬಟ್ಟೆಯನ್ನು ಬಿಚ್ಚಿದರೆ ಮತ್ತೆ ನೂಲು ಸಿಗುತ್ತದೆ. ಆದ್ದರಿಂದಲೇ ಉಣ್ಣೆಯ ನಾಡುಗಳಲ್ಲಿ ಹಳೆಯ ಸ್ವೆಟರ್ ಬಿಚ್ಚಿ, ಎಳೆಯನ್ನು ತೊಳೆದು ನೆಟ್ಟಗೆ ಮಾಡಿ, ಮತ್ತೊಂದು ಉಡುಪು ಹೆಣೆಯುತ್ತಾರೆ. ನೇಯ್ದ ಬಟ್ಟೆಯಲ್ಲಿ ಹಾಸು ಹೊಕ್ಕು ಒಂದನ್ನೊಂದು ಕಚ್ಚಿ ಹಿಡಿದಿರುತ್ತವೆ. ಕತ್ತರಿ ಬಿದ್ದ ಮೇಲೆ ಅದರಿಂದ ಉದ್ದನೆಯ ನೂಲು ಹೊರಡುವುದಿಲ್ಲ. ಹಾಗಾಗಿ ಹತ್ತಿಯ ನಾಡಿನ ಉಳಿತಾಯಕ್ಕೆ ಇರುವುದು ಒಂದರ ಮೇಲೊಂದು ಪದರ ಹಾಸಿ ಹೊಲಿಯುವ ದಾರಿ. ವಿಜಯಪುರ, ಬಾಗಲಕೋಟೆ, ಕಲಬುರಗಿ ಕಡೆಯವರು ಕೌದಿ ಎನ್ನುವುದನ್ನು, ಕೊಲ್ಹಾಪುರ ಸಾತಾರೆಯವರು ವಾಕಳ ಎನ್ನುವುದನ್ನು, ಮುಂಬೈಯಲ್ಲಿ ಗೋಧಡಿ ಎನ್ನುವುದನ್ನು ಮಾಡುವ ಕ್ರಮ ಹೆಚ್ಚುಕಡಿಮೆ ಒಂದೇ. ಅಡಿಗೆ ಹಳೆಯ ಸೀರೆ ಹಾಸಬೇಕು. ನಡುವೆ ಸವೆದ ಧೋತರ, ಹರಿದ ಅಂಗಿ, ರವಿಕೆಯ ತುಂಡುಗಳನ್ನು ಎಲ್ಲೂ ಉಬ್ಬುತಗ್ಗು ಬಾರದಂತೆ ಹರಡಬೇಕು. ಮೇಲೆ ಇದ್ದುದರಲ್ಲಿ ಗಟ್ಟಿಯಾದ ಬಟ್ಟೆಯನ್ನು ಹೊದಿಸಬೇಕು. ಆಮೇಲೆ ಅಂಚಿನಿಂದ ಶುರುಮಾಡಿ ಬೆರಳಗಲ ಬಿಟ್ಟು ಬೆರಳಗಲ ಓಟದ ಹೊಲಿಗೆ. ಒಂದೊಂದು ಸಲ ಸೂಜಿಯಲ್ಲಿ ನಾಲ್ಕಾರು ಹೊಲಿಗೆ ಪೋಣಿಸಿಕೊಂಡು ಎಳೆಯುತ್ತಾರೆ. ಎಳೆತ ಹೆಚ್ಚಾದರೆ ಬಟ್ಟೆ ಸುರುಟುತ್ತದೆ, ಕಡಿಮೆಯಾದರೆ ಪದರಗಳು ಒಳಗೇ ಜರುಗುತ್ತವೆ. ಇದಕ್ಕೆ ಗೇಣುದ್ದದ ತುಂಡೂ ನಡೆಯುತ್ತದೆ, ಅಂಗೈಯಗಲದ ಚಿಂದಿಯೂ ನಡೆಯುತ್ತದೆ. ಬೆಚ್ಚಗಿರಬೇಕೆಂಬ ಕಾರಣಕ್ಕಷ್ಟೇ ಕೌದಿ ಎಂದುಕೊಂಡರೆ ಮುಂಬೈಯಲ್ಲಿ ಅದಕ್ಕೂ ಕೆಲಸವಿರುತ್ತಿರಲಿಲ್ಲ. ಚಾಳಿನ ಶಹಾಬಾದಿ ಕಲ್ಲಿನ ಮೇಲೆ, ಸೆಗಣಿ ಸಾರಿಸಿದ ನೆಲದ ಮೇಲೆ ಅದು ಹಾಸಿಗೆಯೇ ಆಗಿತ್ತು. ಹಗಲು ಸುತ್ತಿಟ್ಟರೆ ಮೂಲೆಗೆ ಸೇರುವ, ರಾತ್ರಿ ಬಿಚ್ಚಿದರೆ ನೆಲದ ಗಡಸನ್ನೂ ಮಳೆಗಾಲದ ತೇವವನ್ನೂ ತಡೆಯುವ ಹಾಸಿಗೆ.

ಇಲ್ಲಿ ಒಂದು ಆಕ್ಷೇಪ ಏಳುತ್ತದೆ. ಗಿರಣಿಗಳು ಹುಟ್ಟುವ ಎಷ್ಟೋ ಮೊದಲಿನಿಂದ ಹಳ್ಳಿಗಳಲ್ಲಿ ಕೌದಿ ಇತ್ತಲ್ಲ. ಊರಿನಿಂದ ಬಂದವರು ಅದನ್ನು ತಂದರು ಅಷ್ಟೆ. ಗಿರಣಿಗೂ ಅದಕ್ಕೂ ಎಲ್ಲಿಯ ಸಂಬಂಧ? ಹೊಲಿಗೆ ಹಳೆಯದೆಂಬುದು ಒಪ್ಪತಕ್ಕ ಮಾತು. ಆದರೆ ಅದಕ್ಕೆ ಬೇಕಾದ ಬಟ್ಟೆಯ ರಾಶಿ ಹಳೆಯದಲ್ಲ. ಕೈಮಗ್ಗದ ಬಟ್ಟೆ ದುಬಾರಿಯಾಗಿದ್ದ ಕಾಲದಲ್ಲಿ ಒಂದು ಸೀರೆ ಉಡುಗೆಯಾಗಿ, ಮಗುವಿನ ತೊಟ್ಟಿಲಾಗಿ, ಮಸಿಬಟ್ಟೆಯಾಗಿ ಜೀವ ತೇಯುತ್ತಿತ್ತು. ಏಳೆಂಟು ಪದರಗಳ ಕೌದಿಗೆ ಸೇರುವಷ್ಟು ಬಟ್ಟೆ ಬಡವರ ಮನೆಯಲ್ಲಿ ಕೂಡಬೇಕಾದರೆ ಬಟ್ಟೆಯೇ ಅಗ್ಗವಾಗಬೇಕಿತ್ತು. ಮೊದಲು ಮ್ಯಾಂಚೆಸ್ಟರ್, ಆಮೇಲೆ ಮುಂಬೈ ಅದನ್ನು ಅಗ್ಗ ಮಾಡಿದವು. ಈ ಸರಪಳಿಯ ಮೊದಲ ಕೊಂಡಿ ಕನ್ನಡನಾಡಿನಲ್ಲೇ ಇದೆ. ಧಾರವಾಡದ ಎರೆಮಣ್ಣಿನಲ್ಲಿ ಬೆಳೆದ ಹತ್ತಿ ಘಟ್ಟ ಇಳಿದು ಕುಮಟಾ ಬಂದರಿನಿಂದ ಹಡಗು ಹತ್ತುತ್ತಿತ್ತು. ಮುಂಬೈಯ ಹತ್ತಿ ಪೇಟೆಯಲ್ಲಿ ಅದರ ಹೆಸರೇ ಕುಮಟಾ ಹತ್ತಿ. ಅಮೆರಿಕದ ಅಂತರ್ಯುದ್ಧದ 1861ರಿಂದ 1865ರವರೆಗಿನ ವರ್ಷಗಳಲ್ಲಿ ಲಂಕಾಶೈರಿಗೆ ಅಲ್ಲಿನ ಹತ್ತಿ ನಿಂತುಹೋದಾಗ ಈ ವ್ಯಾಪಾರ ಉಕ್ಕಿ ಹರಿಯಿತು. ಆ ಹಣ ಮುಂಬೈಯ ಶೇಠರನ್ನು ಬೆಳೆಸಿತು, ಯುದ್ಧ ಮುಗಿದಾಗ ಕೆಲವರನ್ನು ಮುಳುಗಿಸಿತು. ಗಿರಣಿಗಳ ಸಂಖ್ಯೆ ಮುಂದಿನ ದಶಕಗಳಲ್ಲಿ ಏರುತ್ತಲೇ ಹೋಯಿತು. ಧಾರವಾಡ, ವಿಜಯಪುರ, ಬೆಳಗಾವಿ, ಉತ್ತರ ಕನ್ನಡ ಜಿಲ್ಲೆಗಳು ಆಗ ಮುಂಬೈ ಪ್ರಾಂತಕ್ಕೇ ಸೇರಿದ್ದವು. ಅಲ್ಲಿಂದ ಹೋದ ಹತ್ತಿ ಗಿರಣಿಯ ಸೀರೆಯಾಗಿ ಸಂತೆಗೆ ಮರಳಿತು, ಸವೆದು ಕೌದಿಯ ಪದರವಾಯಿತು. ಹಳ್ಳಿಯ ಕೌದಿಯೂ ಹೀಗೆ ಗಿರಣಿಯ ಲೆಕ್ಕದಿಂದ ಹೊರಗೆ ಉಳಿದಿರಲಿಲ್ಲ.

ಇನ್ನು ನಗರದೊಳಗೆ ಉಳಿಕೆ ಮನೆ ಸೇರಿದ ಬಗೆ. ಗಿರಣಿಯ ಮಾಲು ಕೆಲಸಗಾರರಿಗೆ ಧರ್ಮಕ್ಕೆ ಸಿಗುತ್ತಿತ್ತು ಎಂದು ಯಾರಾದರೂ ತಿಳಿದರೆ ತಪ್ಪು. ಪಾಳಿ ಮುಗಿಸಿ ಹೊರಡುವವರನ್ನು ಬಾಗಿಲಲ್ಲಿ ಝಡತಿ, ಅಂದರೆ ಮೈತಪಾಸಣೆ, ಮಾಡಿ ಬಿಡುವುದು ಗಿರಣಗಾಂವದ ಮಾಮೂಲು. ಮುಷ್ಟಿ ನೂಲು ಸೆರಗಿನಲ್ಲಿ ಸಿಕ್ಕರೂ ಅದು ಕಳವು. ಆದರೆ ಅದೇ ಬಾಗಿಲಿನಿಂದ ಬಟ್ಟೆಯ ಒಂದು ಪಾಲು ರಾಜಾರೋಷವಾಗಿ ಹೊರಬರುತ್ತಿತ್ತು, ದಂಡದ ರೂಪದಲ್ಲಿ. ಮಗ್ಗದಲ್ಲಿ ಎಳೆ ತಪ್ಪಿ, ಎಣ್ಣೆ ಕಲೆ ಬಿದ್ದು, ಅಂಚು ಹರಿದು ಕೆಟ್ಟ ಬಟ್ಟೆಯ ತಾನನ್ನು ನೇಕಾರನ ಕೈಗೇ ಕೊಟ್ಟು, ಅದರ ಬೆಲೆಯನ್ನು ಅವನ ಪಗಾರದಿಂದ ಕಡಿದುಕೊಳ್ಳುವ ಪದ್ಧತಿ ಮುಂಬೈ ಗಿರಣಿಗಳಲ್ಲಿತ್ತು. ಕೆಟ್ಟದ್ದಕ್ಕೆ ಕಾರಣ ಕಳಪೆ ಹತ್ತಿಯೋ, ಹಳೆಯ ಯಂತ್ರವೋ, ನೂಲಿನ ದೋಷವೋ ಎಂದು ಕೇಳುವ ಹಕ್ಕು ಅವನಿಗಿರಲಿಲ್ಲ. 1928ರಲ್ಲಿ ಗಿರಣಿಗಳು ತಿಂಗಳುಗಟ್ಟಲೆ ನಿಂತ ಸಾರ್ವತ್ರಿಕ ಮುಷ್ಕರದ ಹಿಂದೆ ದೊಡ್ಡ ಕಾರಣ ಕೂಲಿಕಡಿತ ಮತ್ತು ಒಬ್ಬನಿಗೆ ಹೆಚ್ಚು ಯಂತ್ರ ವಹಿಸುವ ಹೊಸ ಏರ್ಪಾಡು. ಆದರೆ ಮುಷ್ಕರದ ಬಳಿಕ ಸರ್ಕಾರ ನೇಮಿಸಿದ ಫಾಸೆಟ್ ಸಮಿತಿಯ ಮುಂದೆ ನಡೆದ ವಿಚಾರಣೆಯಲ್ಲಿ ಕೆಟ್ಟ ಬಟ್ಟೆಯನ್ನು ತಲೆಗೆ ಕಟ್ಟುವ ಈ ರೂಢಿಯೂ ಚರ್ಚೆಯ ವಿಷಯವಾಯಿತು. ಮನಬಂದಂತೆ ಪಗಾರ ಕಡಿಯುವುದಕ್ಕೆ ಕಾನೂನಿನ ಕಡಿವಾಣ ಬಿದ್ದದ್ದು 1936ರ ವೇತನ ಪಾವತಿ ಕಾಯ್ದೆಯಲ್ಲಿ. ದಂಡ ಸಂಬಳದ ರೂಪಾಯಿಗೆ ಅರ್ಧ ಆಣೆ ಮೀರಬಾರದು, ನಷ್ಟದ ಹೆಸರಲ್ಲಿ ಕಡಿತ ಮಾಡುವ ಮುನ್ನ ಕೆಲಸಗಾರನ ಮಾತು ಕೇಳಬೇಕು ಎಂದು ಅದು ಹೇಳಿತು. ದಂಡವಾಗಿ ಬಂದ ತಾನನ್ನು ಕೆಲಸಗಾರ ಸಿಕ್ಕ ಬೆಲೆಗೆ ಮಾರಬಹುದಿತ್ತು, ಮಾರಲಾಗದಿದ್ದರೆ ಮನೆಯಲ್ಲೇ ಬಳಸಬೇಕಿತ್ತು. ಎರಡನೆಯ ದಾರಿ ಪೇಟೆಯದು. ಮುಳಜಿ ಜೇಠಾ ಮಾರ್ಕೆಟ್ಟು, ಮಂಗಳದಾಸ್ ಮಾರ್ಕೆಟ್ಟುಗಳ ಕಟ್‌ಪೀಸ್ ವ್ಯಾಪಾರ, ದರ್ಜಿ ಅಂಗಡಿಗಳ ಕತ್ತರಿಯಿಂದ ಬೀಳುವ ಚಿಂದಿ, ಹಳೆಬಟ್ಟೆಗೆ ಪಾತ್ರೆ ಕೊಡುವ ಹೆಂಗಸರ ಗಲ್ಲಿ ಗಲ್ಲಿಯ ವ್ಯವಹಾರ, ಇವೆಲ್ಲವೂ ದುಡ್ಡಿನ ಲೆಕ್ಕಕ್ಕೆ ಒಳಪಟ್ಟವೇ. ಬಿಟ್ಟಿ ಉಳಿಕೆ ಎಂಬುದು ಮುಂಬೈಯಲ್ಲಿ ಇರಲಿಲ್ಲ.

ಹೊಲಿಯುವ ಕೈಗಳ ವಿಚಾರಕ್ಕೆ ಬಂದರೆ ಚಿತ್ರ ಇನ್ನೂ ತೊಡಕಾಗುತ್ತದೆ. 1921ರ ಜನಗಣತಿಯ ಹೊತ್ತಿಗೆ ಮುಂಬೈಯಲ್ಲಿ ಸಾವಿರ ಗಂಡಸರಿಗೆ ಹೆಂಗಸರು ಐನೂರ ಚಿಲ್ಲರೆ. ನಗರದ ಮೂರರಲ್ಲಿ ಎರಡು ಪಾಲು ಜನ ಒಂದೇ ಕೋಣೆಯ ಮನೆಗಳಲ್ಲಿದ್ದರು. ರತ್ನಾಗಿರಿ, ಸಾತಾರೆ, ಕೊಲ್ಹಾಪುರಗಳಿಂದ ಬಂದ ಗಂಡಸರು ಹೆಂಡತಿ ಮಕ್ಕಳನ್ನು ಊರಲ್ಲೇ ಬಿಟ್ಟು, ಖಾನಾವಳಿಯಲ್ಲಿ ಉಂಡು, ಪಾಳಿಯ ಮೇಲೆ ಮಲಗುತ್ತಿದ್ದರು. ಅವರು ಸುತ್ತಿಕೊಂಡು ಬಂದ ಹಾಸಿಗೆ ಊರಿನ ಹೆಂಗಸರ ಕೈಯದು. ಅಂದರೆ ಗಿರಣಿಯ ಕೂಲಿಯಲ್ಲಿ ಸೇರದ, ಆದರೆ ಆ ಕೂಲಿಯನ್ನು ಅಷ್ಟು ಕಡಿಮೆ ಇಡಲು ನೆರವಾದ ದುಡಿಮೆ ನೂರಾರು ಮೈಲಿ ದೂರದ ಹಳ್ಳಿಯಲ್ಲಿ ನಡೆಯುತ್ತಿತ್ತು. ನಗರದಲ್ಲೇ ಇದ್ದ ಹೆಂಗಸರಿಗೆ ಗಿರಣಿಯಲ್ಲೂ ಕೆಲಸವಿತ್ತು. ಹತ್ತೊಂಬತ್ತನೆಯ ಶತಮಾನದ ಕೊನೆಯ ದಶಕಗಳಲ್ಲಿ ಮುಂಬೈ ಗಿರಣಿಗಳ ಮುಖ್ಯ ಮಾಲು ಚೀನಾಕ್ಕೆ ಹೋಗುವ ನೂಲು. ಅದನ್ನು ಲಡಿಗಳಾಗಿ ಸುತ್ತಿ ಕಳಿಸಬೇಕಿತ್ತು, ಆ ರೀಲಿಂಗ್ ಪೂರ್ತಿ ಹೆಂಗಸರದು. ಗಿರಣಿಯ ಕೆಲಸಗಾರರಲ್ಲಿ ಸುಮಾರು ಐದರಲ್ಲೊಂದು ಪಾಲು ಅವರಿದ್ದರು. ಜಪಾನಿನ ನೂಲು ಚೀನಾದ ಪೇಟೆ ಹಿಡಿದಾಗ ಮುಂಬೈ ನೇಯ್ಗೆಯ ಕಡೆ ತಿರುಗಿತು, ರೀಲಿಂಗ್ ಸೊರಗಿತು. 1920ರ ದಶಕದ ಕೊನೆಯಿಂದ ವೇಗದ ವೈಂಡಿಂಗ್ ಯಂತ್ರಗಳು ಬಂದವು. ಹೆಂಗಸರಿಗೆ ರಾತ್ರಿಪಾಳಿ ಕಾನೂನಿನಲ್ಲಿ ನಿಷಿದ್ಧವಾಗಿತ್ತು. 1929ರ ಮುಂಬೈ ಹೆರಿಗೆ ಸೌಲಭ್ಯ ಕಾಯ್ದೆಯ ಭಾರ ತಪ್ಪಿಸಿಕೊಳ್ಳಲು ಮಾಲೀಕರು ಅವರನ್ನು ಸೇರಿಸಿಕೊಳ್ಳುವುದನ್ನೇ ಕಡಿಮೆ ಮಾಡಿದರು. ದಶಕ ದಶಕಕ್ಕೆ ಅವರ ಸಂಖ್ಯೆ ಕರಗಿತು. ಗಂಟು ಬಿಗಿಯುವುದರಲ್ಲಿ ಪಳಗಿದ ಬೆರಳುಗಳು ಪಗಾರವಿಲ್ಲದ ಕೆಲಸಕ್ಕೆ ಹಿಂದಿರುಗಿದವು. ಚಾಳಿನ ಮಧ್ಯಾಹ್ನಗಳಲ್ಲಿ ಕೌದಿ ಹೊಲಿಯಲು ಹೆಂಗಸರಿಗೆ ಬಿಡುವು ಸಿಕ್ಕಿತೆಂದರೆ, ಆ ಬಿಡುವಿನ ಹಿಂದೆ ಕೈತಪ್ಪಿದ ಉದ್ಯೋಗವೂ ಇತ್ತು.

ಇಷ್ಟೆಲ್ಲ ಏಕೆ, ಬಡತನ ಎಂದರೆ ಸಾಲದೆ ಎಂದು ಕೇಳಬಹುದು. ಸಾಲದು. ಬಡತನ ಉಳಿಸುವಂತೆ ಒತ್ತಾಯಿಸುತ್ತದೆ, ಏನನ್ನು ಉಳಿಸಬೇಕೆಂದು ಹೇಳಿಕೊಡುವುದಿಲ್ಲ. ಬಟ್ಟೆಯ ಬೆಲೆಯನ್ನು ಆಳುವವರು ಯಾರು ಎಂಬುದು ಬದಲಾದಂತೆಲ್ಲ ಉಳಿಕೆಯ ಬೆಲೆಯೂ ಬದಲಾಯಿತು ಎನ್ನುವುದಕ್ಕೆ ಎರಡು ಪ್ರಸಂಗಗಳು ಸಾಕು. 1921ರ ಜುಲೈ 31ರಂದು ಪರೇಲಿನಲ್ಲಿ, ಉಮರ್ ಸೋಬಾನಿಯವರ ಎಲ್ಫಿನ್‌ಸ್ಟನ್ ಮಿಲ್ಲಿನ ಆವರಣದಲ್ಲಿ, ಗಾಂಧೀಜಿ ವಿದೇಶಿ ಬಟ್ಟೆಯ ರಾಶಿಗೆ ಬೆಂಕಿ ಇಟ್ಟರು. ಬಟ್ಟೆ ಇಲ್ಲದವರ ನಾಡಿನಲ್ಲಿ ಉಡಬಹುದಾದ ಬಟ್ಟೆಯನ್ನು ಸುಡುವುದೇ ಎಂದು ರವೀಂದ್ರನಾಥ ಟಾಗೋರರು ನೊಂದು ಪ್ರತಿಭಟಿಸಿದರು. ನಮಗೆ ಬೇಡವಾದ ಪಾಪದ ಬಟ್ಟೆಯನ್ನು ಬಡವನಿಗೆ ದಾನ ಮಾಡುವುದು ಅವನಿಗೆ ಮಾಡುವ ಅವಮಾನ ಎಂಬುದು ಗಾಂಧೀಜಿಯ ನಿಲುವು. ಸುತ್ತಲ ಚಾಳುಗಳಲ್ಲಿ ಅಂಗೈಯಗಲದ ಚಿಂದಿಗೂ ಬೆಲೆಯಿದ್ದ ಜಾಗದಲ್ಲಿ ನಡೆದ ಈ ವಾದ, ಉಳಿಕೆಯ ಪ್ರಶ್ನೆ ಯಾವತ್ತೂ ಬರೀ ಮನೆವಾರ್ತೆಯದಾಗಿರಲಿಲ್ಲ ಎಂದು ತೋರಿಸುತ್ತದೆ. ಎರಡನೆಯದು ಎರಡನೆಯ ಮಹಾಯುದ್ಧ. ಗಿರಣಿಗಳು ಸೇನೆಗಾಗಿ ಹಗಲಿರುಳು ಓಡಿದವು, ಮಾಲೀಕರ ಲಾಭ ಬೆಳೆಯಿತು, ಪೇಟೆಯಲ್ಲಿ ಧೋತರ ಸೀರೆ ಸಿಗದಾದವು. 1943ರಲ್ಲಿ ಸರ್ಕಾರ ಬಟ್ಟೆ ಮತ್ತು ನೂಲಿನ ನಿಯಂತ್ರಣಾಜ್ಞೆ ತಂದು, ಬಡವರಿಗೆಂದು ಸ್ಟ್ಯಾಂಡರ್ಡ್ ಬಟ್ಟೆ ಮಾಡಿಸಿತು. ಅದೇ ಕಾಲಕ್ಕೆ ಬ್ರಿಟನ್ನಿನ ಸರ್ಕಾರ ಕರಪತ್ರ ಹಂಚಿ, ಹಳೆಯ ಸ್ವೆಟರ್ ಬಿಚ್ಚಿ ಕಾಲುಚೀಲ ಹೆಣೆಯಿರಿ, ಹರಿದದ್ದಕ್ಕೆ ತೇಪೆ ಹಾಕಿರಿ ಎಂದು ಗೃಹಿಣಿಯರಿಗೆ ಪಾಠ ಹೇಳುತ್ತಿತ್ತು. ಅಲ್ಲಿ ಅದು ದೇಶಸೇವೆ ಎನಿಸಿಕೊಂಡಿತು, ಫೋಟೋ ಹಿಡಿಸಿಕೊಂಡಿತು, ಇತಿಹಾಸದ ಪುಸ್ತಕ ಸೇರಿತು. ಲಾಲಬಾಗಿನ ಹೆಂಗಸಿಗೆ ಆ ಪಾಠ ಬೇಕಾಗಿರಲಿಲ್ಲ. ಅವಳ ಕೆಲಸವನ್ನು ದೇಶಸೇವೆ ಎಂದು ಯಾರೂ ಕರೆಯಲೂ ಇಲ್ಲ.

ಇದಕ್ಕಿಂತ ಗಂಭೀರವಾದ ಆಕ್ಷೇಪ ಇನ್ನೊಂದಿದೆ. ಕೌದಿಯನ್ನು ಹೀಗೆ ಕೂಲಿ, ದಂಡ, ಬೆಲೆಗಳ ಲೆಕ್ಕಕ್ಕೆ ಇಳಿಸಿದರೆ ಅದನ್ನು ಹೊಲಿದವರ ಕಲೆಗೆ ಅನ್ಯಾಯ ಮಾಡಿದಂತಲ್ಲವೆ? ಉತ್ತರ ಕನ್ನಡದ ಯಲ್ಲಾಪುರ, ಹಳಿಯಾಳ, ಮುಂಡಗೋಡಿನ ಸಿದ್ದಿ ಹೆಂಗಸರ ಕವಂದಿಯನ್ನು ನೋಡಿದವರು ಈ ಪ್ರಶ್ನೆ ಕೇಳಿಯೇ ಕೇಳುತ್ತಾರೆ. ಹೊರ ಅಂಚಿನಿಂದ ಸುತ್ತುತ್ತ ನಡುವಿಗೆ ಬರುವ ಹೊಲಿಗೆ, ಕೆಂಪು ಹಳದಿಗಳ ಧೈರ್ಯದ ಜೋಡಣೆ, ನಾಲ್ಕು ಮೂಲೆಗೆ ಮಡಿಸಿ ಕೂರಿಸುವ ಫೂಲ್ ಎಂಬ ಮುಮ್ಮೂಲೆಯ ತೇಪೆ. ಅವರ ಕಣ್ಣಿಗೆ ಫೂಲ್ ಇಲ್ಲದ ಕವಂದಿ ಬೆತ್ತಲೆ ಇದ್ದಂತೆ. ಮೂಲೆಯ ಹೂವಿನಿಂದ ಮೈ ಬೆಚ್ಚಗಾಗುವುದಿಲ್ಲ, ನೆಲ ಮೆತ್ತಗಾಗುವುದಿಲ್ಲ. ಅದು ಅಗತ್ಯವನ್ನು ಮೀರಿದ್ದು, ಮಾಡಿದವಳ ಆಯ್ಕೆ. ಇದನ್ನು ಒಪ್ಪುವುದರಿಂದ ನನ್ನ ವಾದಕ್ಕೆ ಬಲ ಬರುತ್ತದೆಯೇ ಹೊರತು ಕುಂದಿಲ್ಲ. ಹೊಲಿಗೆಯಲ್ಲಿ ಇಷ್ಟು ವಿವೇಚನೆ, ಅಳತೆ, ಬಣ್ಣದ ಜ್ಞಾನ ಇರುವುದರಿಂದಲೇ ಅದನ್ನು ಕುಶಲ ದುಡಿಮೆ ಎನ್ನಬೇಕು. ಕುಶಲ ದುಡಿಮೆ ಎಂದ ಮೇಲೆ ಅದರ ಸಂಭಾವನೆಯ ಪ್ರಶ್ನೆ ಏಳಲೇಬೇಕು. ಕಲೆ ಎಂಬ ಗೌರವದ ಮಾತು ಈ ಪ್ರಶ್ನೆಯನ್ನು ಮುಚ್ಚಿಹಾಕುವ ಹೊದಿಕೆ ಆಗುವುದಾದರೆ, ಅಂಥ ಗೌರವದಿಂದ ಹೊಲಿದವಳಿಗೆ ಬಂದ ಲಾಭವೇನೂ ಇಲ್ಲ.

1982ರ ಜನವರಿ 18ರಂದು ಡಾ. ದತ್ತಾ ಸಾಮಂತರ ನಾಯಕತ್ವದಲ್ಲಿ ಸುಮಾರು ಎರಡೂವರೆ ಲಕ್ಷ ಕೆಲಸಗಾರರು ಹೂಡಿದ ಮುಷ್ಕರ ಔಪಚಾರಿಕವಾಗಿ ಎಂದೂ ಮುಗಿಯಲಿಲ್ಲ, ಗಿರಣಿಗಳೇ ಮುಗಿದವು. ಫೀನಿಕ್ಸ್, ಕಮಲಾ ಎಂಬ ಹೆಸರುಗಳು ಈಗ ಮಾಲ್, ಕಚೇರಿ, ಹೋಟೆಲುಗಳ ವಿಳಾಸ. ಆದರೆ ಉಳಿಕೆಯ ಕಥೆ ಅಲ್ಲಿಗೆ ನಿಲ್ಲದೆ ರೂಪ ಬದಲಿಸಿತು. ನೇಯ್ಗೆ ಭಿವಂಡಿಯ ಪವರ್‌ಲೂಮುಗಳಿಗೆ ಹೋಯಿತು, ಹೊಲಿಗೆ ಧಾರಾವಿ, ಕುರ್ಲಾದ ಸಣ್ಣ ಘಟಕಗಳಿಗೆ ಹಂಚಿಹೋಯಿತು. ಮನೆಯಲ್ಲಿ ಕುಳಿತ ಹೆಂಗಸರಿಗೆ ಸಿದ್ಧ ಉಡುಪಿನಲ್ಲಿ ಚಾಚಿಕೊಂಡ ದಾರದ ತುದಿಗಳನ್ನು ಕತ್ತರಿಸುವ ಧಾಗಾ ಕಟಿಂಗ್ ಕೆಲಸ ಬಂತು. ನಗಕ್ಕೆ ಇಷ್ಟು ಪೈಸೆ ಎಂಬ ಲೆಕ್ಕ. ಪಾಳಿಯಿಲ್ಲ, ರಜೆಯಿಲ್ಲ, ಭವಿಷ್ಯನಿಧಿಯಿಲ್ಲ. ಹಿಂದೆ ಗಿರಣಿಯ ವೈಂಡಿಂಗ್ ಖಾತೆಯಲ್ಲಿ ಬೀಳುತ್ತಿದ್ದ ನೂಲಿನ ತುಂಡು ಈಗ ಕೊಠಡಿಯ ನೆಲದ ಮೇಲೇ ಬೀಳುತ್ತದೆ, ಗುಡಿಸುವುದೂ ಅವಳೇ. ಕೌದಿಯ ಇಳಿಗಾಲವೂ ಇದೇ ಹೊತ್ತಿನದು. ಹೊಸ ತಲೆಮಾರಿನ ಹೆಣ್ಣುಮಕ್ಕಳಿಗೆ ತಾಳ್ಮೆಯಿಲ್ಲ ಎಂದು ದೂರುವುದು ಸುಲಭ. ಆದರೆ ಕೌದಿಗೆ ಬೇಕಾದದ್ದು ನೂರಾರು ಸಲ ಒಗೆದು ಮೆತ್ತಗಾದ ಹತ್ತಿ. ಎಪ್ಪತ್ತು ಎಂಬತ್ತರ ದಶಕಗಳಿಂದ ಮನೆಮನೆಗೆ ಬಂದ ಸಿಂಥೆಟಿಕ್ ಸೀರೆ ಸವೆದು ಮೆತ್ತಗಾಗುವುದಿಲ್ಲ, ಬೆವರು ಹೀರುವುದಿಲ್ಲ, ಪದರ ಹಾಸಿದರೆ ಜಾರುತ್ತದೆ. ಹಾಸು ಹೊಕ್ಕಿನ ವಸ್ತುವೇ ಬದಲಾದ ಮೇಲೆ ತಾಳ್ಮೆಯನ್ನು ಬೈದು ಏನು ಪ್ರಯೋಜನ? ಕಲಬುರಗಿ, ಯಾದಗಿರಿ ಕಡೆಯಿಂದ ಕಟ್ಟಡದ ಕೆಲಸಕ್ಕೆಂದು ಮುಂಬೈ, ಠಾಣೆಗೆ ಗುಳೆ ಹೋಗುವ ಕುಟುಂಬಗಳ ಗಂಟಿನಲ್ಲಿ ಇಂದಿಗೂ ಕೌದಿ ಇರುತ್ತದೆ. ಅದರ ಪದರಗಳಲ್ಲಿ ಹತ್ತಿಗಿಂತ ಪಾಲಿಯೆಸ್ಟರ್ ಚಿಂದಿಯೇ ಹೆಚ್ಚು.

ಇತ್ತ ಬಾಂದ್ರಾ, ಕಾಲಾ ಘೋಡಾದ ಅಂಗಡಿಗಳಲ್ಲಿ ಅದೇ ಗೋಧಡಿ ಪರಿಸರಸ್ನೇಹಿ ಎಂಬ ಚೀಟಿ ಹೊತ್ತು ಕೂತಿದೆ. ಉಳಿದ ನೂಲಿನಲ್ಲಿ ಹೆಣೆಯುವ ಹವ್ಯಾಸವೂ ಆಕ್ರಿಲಿಕ್ ಉಂಡೆಗಳ ಕಾಲದಲ್ಲಿ ನಗರದ ಬಾಲ್ಕನಿಗಳಿಗೆ ಬಂದಿದೆ. ಇದನ್ನು ಹೀಗಳೆಯಬೇಕಾಗಿಲ್ಲ. ಹೊಲಿದವಳಿಗೆ ನ್ಯಾಯವಾದ ಪಾಲು ಸಿಗುವುದಾದರೆ ಬೆಲೆ ಏರಿದ್ದು ಒಳ್ಳೆಯದೇ. ಆದರೆ ಬಿಸಾಡದೆ ಉಳಿಸುವುದು ಒಂದು ಗುಣ ಎಂದು ಮಾತ್ರ ಹೇಳಿದರೆ, ಹೆಚ್ಚು ಕೊಂಡವನಿಗೇ ಉಳಿಸುವ ಅವಕಾಶ ಹೆಚ್ಚು ಎಂಬ ಸರಳ ಸತ್ಯ ಮರೆಯಾಗುತ್ತದೆ. ಗಿರಣಗಾಂವದಲ್ಲಿ ಉಳಿಕೆ ಕೊಂಡದ್ದರ ಮಿಕ್ಕ ಭಾಗವಾಗಿರಲಿಲ್ಲ. ಬಹಳ ಸಲ ಕಡಿತವಾದ ಪಗಾರದ ಬದಲಿಗೆ ಸಿಕ್ಕ ವಸ್ತುವಾಗಿತ್ತು. ಕಾಳಾಚೌಕಿಯ ಇಂಡಿಯಾ ಯುನೈಟೆಡ್ ಮಿಲ್ಸ್ ಆವರಣದಲ್ಲಿ ನಗರಪಾಲಿಕೆ ಜವಳಿ ವಸ್ತುಸಂಗ್ರಹಾಲಯವನ್ನು ಕಟ್ಟುವ ಯೋಜನೆ ಹಾಕಿಕೊಂಡಿತು. ಅಂಥ ಕಡೆ ಮಗ್ಗ, ಚಿಮಣಿ, ಮಾಲೀಕರ ಭಾವಚಿತ್ರಗಳಿಗೆ ಜಾಗ ಇದ್ದೇ ಇರುತ್ತದೆ. ಚಾಳಿನ ಒಂದು ಗೋಧಡಿಯನ್ನೂ ಅಲ್ಲಿಡಬೇಕು, ಜಾನಪದ ವಿಭಾಗದ ಮೂಲೆಯಲ್ಲಲ್ಲ, ಪಗಾರದ ರಿಜಿಸ್ಟರಿನ ಪಕ್ಕದಲ್ಲಿ. ಗಿರಣಿಯ ಲೆಕ್ಕಪುಸ್ತಕದಲ್ಲಿ ನೇಕಾರನ ಹೆಸರಿಗೆ ಖರ್ಚು ಬಿದ್ದ ಬಟ್ಟೆಗೆ ಮನೆಯಲ್ಲಿ ಎರಡನೆಯ ದುಡಿಮೆ ಸೇರಿತು. ಅದರ ಜಮಾ ಯಾವ ಪುಸ್ತಕದಲ್ಲೂ ಬರಲಿಲ್ಲ. ಆ ಲೆಕ್ಕ ಸರಿಪಡಿಸುವುದು ಇತಿಹಾಸ ಬರೆಯುವವರ ಕೆಲಸ.